ಎಡಗೈ ಕೇಳ್ಸ್ಕೊಳ್ಳಿ

ಇವತ್ತು ಮ್ಯೂಸಿಕ್ ಥಿಯರಿ ಕ್ಲಾಸಲ್ಲಿ ಸಂಗೀತಗಾರ ಶೋಪಾನ್‌ನ ಇ ಮೈನರ್ ಪ್ರೆಲ್ಯೂಡ್ (ಪಿಯಾನೋಗೆ ಬರೆದ ಪುಟ್ಟ ಕೃತಿ) ತಗೊಂಡ್ರು, 1839ರಲ್ಲಿ ಅಚ್ಚಾದ ಓಪಸ್ 28 ಅನ್ನೋ ಪ್ರೆಲ್ಯೂಡ್ ಸಂಗ್ರಹದಲ್ಲಿ ನಾಲ್ಕನೇದು. ಒಂದೇ ಪುಟ ಕಣ್ರೀ.

ಶುರುನಲ್ಲಿ ಬಲಗೈ ಬಿ ಸ್ವರದಿಂದ ಸಿ, ಸಿ ಇಂದ ಮತ್ತೆ ಬಿ, ಅಷ್ಟರಲ್ಲೇ ಸುತ್ತುತ್ತಾ ಇರತ್ತೆ. ಎಡಗೈಲಿ ಮೂರು ಸ್ವರ ಒಟ್ಟಿಗೆ ನುಡಿಯೋ ಕಾರ್ಡು, ಒಂದು ಬೆರಳು ಅರ್ಧ ಸ್ವರ ಕೆಳಗಿಳಿಯತ್ತೆ, ಉಳಿದವು ಕಾಯ್ತವೆ, ಆಮೇಲೆ ಇನ್ನೊಂದು ಇಳಿಯತ್ತೆ, ಒಮ್ಮೊಮ್ಮೆ ಎರಡೂ ಒಟ್ಟಿಗೆ, ಹಿಂಗೇ ಜಾರ್ತಾ ಜಾರ್ತಾ ಹೋಗೋ ಕಾರ್ಡುಗಳಿಗೆಲ್ಲ ಥಿಯರಿಲಿ ಹೆಸರಿಡೋ ರೋಮನ್ ಅಂಕಿ ಹಾಕೋಕೆ ಕೂತ್ರೆ ಎಷ್ಟೋ ಕಡೆ ಹೆಸರೇ ಕೂರಲ್ಲ.

ಮೇಡಂ ಅಂದ್ರು, ಹೆಸರು ಆಮೇಲೆ, ಯಾವ ಸ್ವರ ಎಲ್ಲಿಗೆ ಹೋಗ್ತಿದೆ ನೋಡಿ ಅಂತ.

ಆ ಜಾರಾಟದಿಂದ್ಲೇ ಕಾರ್ಡು ಹುಟ್ಟತ್ತೆ ಅಂತ ಕಿವಿಗೆ ಗೊತ್ತಾಯ್ತು, ಎಷ್ಟು ಚೆಂದ ಗೊತ್ತಾ! ಪಿಯಾನೋ, ಕೀಬೋರ್ಡ್ ಇರೋರು ಎಡಗೈ ಮಾತ್ರ ನಿಧಾನಕ್ಕೆ ನುಡಿಸಿ ನೋಡಿ, ಮೆಲೊಡಿ ಇಲ್ದೆನೂ ಎದೆ ಭಾರ ಆಗತ್ತೆ.