ಕೋರ್ಟಿನ ಟೇಪು, ಸರ್ಕಾರದ ದಿಮ್ಮಿ

ವಕೀಲಿಕೆಗೆ ಬಂದ ಹೊಸತರಲ್ಲಿ ಕೋರ್ಟ್ ಕಮಿಷನರ್ ಕೆಲಸ, ಅಂದರೆ ಕೋರ್ಟಿನ ಪರವಾಗಿ ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡುವ ಕೆಲಸ, ಸಿಕ್ಕಿತೆಂದರೆ ಜೂನಿಯರ್‌ಗಳಿಗೆ ಖುಷಿಯೋ ಖುಷಿ. ಸ್ವಲ್ಪ ಫೀಸು ಕೈಗೆ ಬರುತ್ತದೆ, ನ್ಯಾಯಾಧೀಶರಿಗೂ ನಮ್ಮ ಮುಖ ಪರಿಚಯವಾಗುತ್ತದೆ. ಸಾಮಾನ್ಯವಾಗಿ ಸಿಗುವುದು ಗದ್ದೆಯ ಬದು, ಬಾವಿಗೆ ಹೋಗುವ ದಾರಿ, ಪಕ್ಕದ ಮನೆಯ ಸೂರಿನ ನೀರು. ನನ್ನ ಪಾಲಿಗೆ ಬಂದದ್ದು ಮರದ ದಿಮ್ಮಿ. ಒಂದು ಸಾಮಿಲ್ ಸಂಸ್ಥೆಗೂ ಸರ್ಕಾರಕ್ಕೂ ದಾವೆ ನಡೆಯುತ್ತಿತ್ತು. ಘಟ್ಟದ ಮೇಲಿನ ಟಿಂಬರ್ ಡಿಪೋದಲ್ಲಿ ಹರಾಜಾಗಿ ಬಿದ್ದಿರುವ ನಾಟಾ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂದು ಅಳೆದು ವರದಿ ಕೊಡಬೇಕಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದ ಪ್ರಕಾರ ವಾರಂಟು ಬಂತು. ಜೊತೆಗೆ ಎರಡೂ ಕಡೆಯ ವಕೀಲರ ಮೆಮೊ. 'ಇದನ್ನು ನೋಡಿ, ಅದನ್ನು ನೋಡಿ' ಎಂಬ ಪಟ್ಟಿ ಎರಡರಲ್ಲೂ ಉದ್ದವಾಗಿತ್ತು. ಆದರೆ ಒಬ್ಬರು ನೋಡಿ ಎಂದದ್ದನ್ನು ಇನ್ನೊಬ್ಬರು ನೋಡಬೇಡಿ ಎಂದಿದ್ದರು.

ತಕರಾರು ಇಷ್ಟೇ. ಹರಾಜಿನಲ್ಲಿ ಸಂಸ್ಥೆ ಕೆಲವು ಲಾಟ್‌ಗಳನ್ನು ಹಿಡಿದಿತ್ತು. ಹೆಚ್ಚಿನವು ಮತ್ತಿ ಮತ್ತು ನಂದಿ ಮರ, ಸ್ವಲ್ಪ ಸಾಗವಾನಿ. ಬಿಡ್ ಮೊತ್ತದ ಒಂದು ಭಾಗ ಅಂದೇ ಕಟ್ಟಿದ್ದಾರೆ. ಆಮೇಲೆ ನಾಟಾ ಎತ್ತಲು ಹೋದಾಗ ಪಟ್ಟಿಯಲ್ಲಿರುವ ಅಳತೆಗೂ ಮರಕ್ಕೂ ತಾಳೆಯಾಗುವುದಿಲ್ಲ, ಕೆಲವು ದಿಮ್ಮಿ ಒಳಗೆ ಪೊಳ್ಳು, ಮತ್ತೆ ಅಳೆದು ಕೊಡಿ, ಉಳಿದ ಹಣ ಆಮೇಲೆ ಎಂದರು. ಇಲಾಖೆಯವರ ಉತ್ತರ: ಹರಾಜಿನ ಷರತ್ತಿನಲ್ಲಿ 'ಇದ್ದಲ್ಲಿ, ಇದ್ದ ಹಾಗೆ' ಎಂದು ಬರೆದಿದೆ, ನೋಡಿಯೇ ಕೂಗಿದ್ದೀರಿ, ಹಣ ಕಟ್ಟಿ. ಕಟ್ಟಲಿಲ್ಲ. ಮರುಹರಾಜು ಹಾಕಿ, ಕಡಿಮೆ ಬಿದ್ದದ್ದನ್ನು ನಿಮ್ಮಿಂದ ಭೂಕಂದಾಯದ ಬಾಕಿಯಂತೆ, ಅಂದರೆ ಕೋರ್ಟಿಗೆ ಹೋಗದೆ ತಹಶೀಲ್ದಾರರ ಮೂಲಕವೇ, ವಸೂಲು ಮಾಡುತ್ತೇವೆ ಎಂದು ನೋಟಿಸು ಹೋಯಿತು. ಸಂಸ್ಥೆ ಕೋರ್ಟಿಗೆ ಬಂದು ತಡೆಯಾಜ್ಞೆ ತಂದಿತು. ಕೋರ್ಟು ಇಬ್ಬರನ್ನೂ ತಡೆಯಿತು. ಮಳೆಯನ್ನು, ಗೆದ್ದಲನ್ನು ತಡೆಯುವ ಆಜ್ಞೆ ಮಾತ್ರ ಯಾರ ಬಳಿಯೂ ಇರಲಿಲ್ಲ.

ಹೊರಡುವ ಮುಂಚಿನ ಸಂಜೆ ನಮ್ಮ ಸೀನಿಯರ್ ಕೂರಿಸಿಕೊಂಡು ಹೇಳಿದ್ದರು. "ನೋಡಮ್ಮಾ, ಕಾಡಿನ ಕೇಸಲ್ಲಿ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ. ಅಳೆದವರು ಯಾರು? ಮಾರುವವರೂ ಸರ್ಕಾರ, ಅಳೆಯುವವರೂ ಸರ್ಕಾರ, ತಪ್ಪು ನಿನ್ನದೇ ಅನ್ನುವವರೂ ಸರ್ಕಾರ, ವಸೂಲಿಗೆ ಬರುವ ತಹಶೀಲ್ದಾರರೂ ಸರ್ಕಾರ. ನೀನು ಹೋಗುವುದು ಆ ಸಾಲಿನಲ್ಲಿ ಒಂದು ಕಡೆ ಬೇರೆಯವರ ಕೈ ಇರಲಿ ಅಂತ." ಹೀಗೆ ಹೇಳಿ, ಷರಾ ಗೀಚಿದ್ದ ಎರಡು ತೀರ್ಪುಗಳ ಜೆರಾಕ್ಸ್ ಕೊಟ್ಟರು. ಅವುಗಳ ಮಾತು ಆಮೇಲೆ.

ಡಿಪೋ ಎಂದರೆ ದೊಡ್ಡ ಬಯಲು. ಕೆಂಪು ಮಣ್ಣಿನ ರಸ್ತೆ, ಆಚೀಚೆ ಸಾಲುಸಾಲಾಗಿ ಅಟ್ಟಿ ಹಾಕಿದ ದಿಮ್ಮಿಗಳು, ಪ್ರತಿ ಅಟ್ಟಿಯ ಮುಂದೆ ಲಾಟ್ ನಂಬರು ಬರೆದ ಕಲ್ಲು. ಗೇಟಿನ ಬಳಿಯೇ ಇಲಾಖೆಯ ಫಾರೆಸ್ಟರ್ ರಿಜಿಸ್ಟರ್ ಹಿಡಿದು ನಿಂತಿದ್ದರು. ಸಂಸ್ಥೆಯ ಕಡೆಯಿಂದ ಮ್ಯಾನೇಜರು, ಅವರ ಜೊತೆ ಒಬ್ಬ ವಯಸ್ಸಾದ ಮೇಸ್ತ್ರಿ. ಎರಡೂ ಕಡೆಯ ವಕೀಲರು ಬಂದರು, ಸಹಿ ಹಾಕಿದರು, ನೆರಳು ಹುಡುಕಿಕೊಂಡರು. ನಾನು, ಫಾರೆಸ್ಟರ್, ಮೇಸ್ತ್ರಿ, ನಾಲ್ವರು ಹಮಾಲರು ಬಿಸಿಲಲ್ಲಿ ಉಳಿದೆವು.

ಮೊದಲ ತೊಂದರೆ ಯಾವ ದಿಮ್ಮಿ ಯಾವುದು ಎಂಬುದೇ. ಪ್ರತಿ ತುಂಡಿನ ಬುಡದ ಕಡೆ ಇಲಾಖೆಯ ಸುತ್ತಿಗೆ ಮುದ್ರೆ ಇರುತ್ತದೆ, ನಂಬರು ಹೊಡೆದಿರುತ್ತಾರೆ. ಆ ನಂಬರು, ಉದ್ದ, ಸುತ್ತಳತೆ, ಘನ ಅಳತೆ, ದರ್ಜೆ ಎಲ್ಲ ಲಾಟ್ ಪಟ್ಟಿಯಲ್ಲಿರುತ್ತದೆ. ಎರಡು ಮಳೆಗಾಲ ಕಂಡ ಮತ್ತಿಯ ಬುಡ ಒಡೆದು ಸೀಳು ಬಿಟ್ಟಿತ್ತು. ಕೆಲವು ಕಡೆ ಮುದ್ರೆ ಇದ್ದ ಜಾಗವೇ ಪುಡಿಯಾಗಿ ಕೈಗೆ ಬರುತ್ತಿತ್ತು. "ಇದು ಅದೇ ಮೇಡಂ, ನಾನೇ ಅಟ್ಟಿ ಹಾಕ್ಸಿದ್ದು" ಎನ್ನುತ್ತಿದ್ದರು ಫಾರೆಸ್ಟರ್. "ಹೌದಾಗಿರಬಹುದು, ನಂಬರ್ ತೋರಿಸಿ" ಎನ್ನುತ್ತಿದ್ದರು ಮ್ಯಾನೇಜರು. ನಂಬರು ಓದಲಾಗದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಬೇರೆ ಗುರುತು ಹಾಕಿ, ಬೇರೆ ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋದೆ.

ಮರದ ಅಳತೆಯ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ, ಸ್ವಲ್ಪ ಹೇಳುತ್ತೇನೆ. ದಿಮ್ಮಿಯ ನಡುವೆ ಟೇಪು ಸುತ್ತಿ ಸುತ್ತಳತೆ ತೆಗೆದು, ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರ ಹಾಕಿದರೆ ಬರುವ ಘನ ಅಳತೆಗಿಂತ ಇದು ನೂರಕ್ಕೆ ಸುಮಾರು 21 ಪಾಲು ಕಡಿಮೆ. ಕೊಯ್ಯುವಾಗ ಹೋಗುವ ಹೊಟ್ಟು, ಬದಿಯ ಚಕ್ಕೆ ಅದರಲ್ಲೇ ಕಳೆದಂತೆ ಎಂದು ವ್ಯಾಪಾರದಲ್ಲಿ ಒಪ್ಪಿಕೊಂಡು ಬಂದಿದ್ದಾರೆ. ಇಲ್ಲಿ ಸುತ್ತಳತೆಯ ವರ್ಗ ಮಾಡುವುದರಿಂದ ಟೇಪಿನಲ್ಲಿ ಎರಡು ಸೆಂಟಿಮೀಟರ್ ಆಚೀಚೆಯಾದರೆ ಇಡೀ ಲಾಟಿನ ಮೇಲೆ ಒಳ್ಳೆಯ ಮೊತ್ತವೇ ಆಚೀಚೆಯಾಗುತ್ತದೆ.

ಒಂದು ಮತ್ತಿಯ ದಿಮ್ಮಿ ನನಗೆ ಚೆನ್ನಾಗಿ ನೆನಪಿದೆ. ಪಟ್ಟಿಯಲ್ಲಿ ಉದ್ದ 4 ಮೀಟರ್, ಸುತ್ತಳತೆ 1.60, ಅಂದರೆ 0.640 ಘನ ಮೀಟರ್. ಈಗ ತುದಿಯ ಅರ್ಧ ಮೀಟರ್ ಪೂರ್ತಿ ಲಡ್ಡಾಗಿತ್ತು, ತೊಗಟೆ ಉದುರಿತ್ತು. ನಡುವೆ ಟೇಪು ಸುತ್ತಲು ಹೋದರೆ ಜಗಳ ಶುರು. ನಡು ಎಲ್ಲಿ? "ನಾಲ್ಕು ಮೀಟ್ರಿಗೆ ನಡು ಎರಡು ಮೀಟ್ರು, ಅಲ್ಲಿ ಸುತ್ತಿ" ಎಂದರು ಫಾರೆಸ್ಟರ್. ಸಂಸ್ಥೆಯ ಮ್ಯಾನೇಜರು ಅಲ್ಲಿಗೇ ಸುತ್ತಿ ಎಂದು ಕೂಡಲೇ ಒಪ್ಪಿದರು. ಮೇಸ್ತ್ರಿ ಮಾತ್ರ ತಲೆ ಆಡಿಸಿದ. "ಇರೂ ಮರಕ್ಕಲ್ದ ತಂಗೀ ನಡು ನೋಡೂದು? ಇಲ್ಲದ ಅರ್ಧ ಮೀಟ್ರಿಗೆಂಥ ನಡು?" ಇದ್ದ ಮರದ ನಡುವೆ ಅಳೆದರೆ ಬುಡದ ಕಡೆ ಸರಿದು ಸುತ್ತಳತೆ ಒಂದೆರಡು ಸೆಂಟಿಮೀಟರ್ ಹೆಚ್ಚೇ ಬರುತ್ತದೆ, ಅವನ ಧಣಿಗೇ ನಷ್ಟ. ಮ್ಯಾನೇಜರು ಕಣ್ಣು ಬಿಟ್ಟು ನೋಡಿದರೂ ಅವನು ಮಾತು ಬದಲಿಸಲಿಲ್ಲ. ನಾನು ಎರಡೂ ಕಡೆ ಅಳೆದು ಎರಡನ್ನೂ ಬರೆದೆ. ಇದ್ದ ಮೂರೂವರೆ ಮೀಟರಿಗೆ 1.52ರಂತೆ ಹಿಡಿದರೂ 0.505 ಘನ ಮೀಟರ್. ಕೊಡಲಿಯ ಹಿಂಬದಿಯಿಂದ ಮೇಸ್ತ್ರಿ ಆ ತುಂಡನ್ನು ಉದ್ದಕ್ಕೂ ಬಡಿದ. ಒಂದು ಕಡೆ ಠಣ್ಣೆನ್ನುತ್ತಿದ್ದ ಸದ್ದು ನಡುವೆ ಬಂದಾಗ ಬೊದ್ದೆಂದಿತು. "ಇದು ಮಳೆಗೆ ಹಾಳಾದ್ದಲ್ಲ. ಕಾಡಲ್ಲೇ ಪೊಟರೆ ಇದ್ದ ಮರ." ಹಾಗೆಯೇ ಇನ್ನೊಂದು ಲಾಟಿನ ಮುಂದೆ ನಿಂತು, "ಇದಕ್ಕೆ ಏನೂ ಆಗಿರಲಿಲ್ಲ, ಇಲ್ಲಿ ಬಿದ್ದೇ ಕೆಟ್ಟದ್ದು" ಎಂದ. ಸಾಗವಾನಿಯ ಕಥೆ ಬೇರೆ. ಗೆದ್ದಲು ಹೊರಗಿನ ಬಿಳಿಯನ್ನಷ್ಟೇ ತಿಂದಿತ್ತು, ಒಳಗಿನ ಚೇಗು ಹೊಸದರಂತೆ ಗಟ್ಟಿ.

ಮೇಸ್ತ್ರಿಯ ಈ ಎರಡು ಮಾತಿನ ನಡುವೆಯೇ ಇಡೀ ದಾವೆ ಇತ್ತು. ಹರಾಜಿನ ದಿನವೇ ಕೆಟ್ಟಿದ್ದರೆ ಒಂದು ನ್ಯಾಯ, ಆಮೇಲೆ ಕೆಟ್ಟಿದ್ದರೆ ಇನ್ನೊಂದು. 1930ರ ಸರಕು ಮಾರಾಟ ಕಾಯ್ದೆಯ 26ನೇ ಕಲಮು ಹೇಳುವ ಪ್ರಕಾರ, ಒಡೆತನ ಯಾರದೋ ನಷ್ಟ ಅವರದು. ಆದರೆ ಸರಕು ಒಪ್ಪಿಸುವುದು ಒಬ್ಬರ ತಪ್ಪಿನಿಂದ ತಡವಾಗಿದ್ದರೆ, ಆ ತಡದಿಂದ ಆದ ನಷ್ಟ ತಪ್ಪಿದವರ ತಲೆಗೆ. ಹಾಗಾದರೆ ಒಡೆತನ ಯಾವಾಗ ಕೈಬದಲಾಯಿತು? ಸಾಮಾನ್ಯ ಹರಾಜಿನಲ್ಲಿ ಸುತ್ತಿಗೆ ಬಿದ್ದ ಕ್ಷಣಕ್ಕೆ ಮಾರಾಟ ಮುಗಿಯುತ್ತದೆ. ಇಲ್ಲಿನ ಷರತ್ತಿನಲ್ಲಿ ಮೇಲಧಿಕಾರಿ ಮಂಜೂರು ಮಾಡುವ ತನಕ ಬಿಡ್ ಪಕ್ಕಾ ಅಲ್ಲ ಎಂದಿತ್ತು. ಮಂಜೂರಾತಿ ಪತ್ರ ಹೊರಟ ದಿನಕ್ಕೂ ಮುಟ್ಟಿದ ದಿನಕ್ಕೂ ನಡುವೆ ಒಂದು ಮಳೆಗಾಲವೇ ಬಿದ್ದಿತ್ತು.

ಮಧ್ಯಾಹ್ನ ವಾಚ್‌ಮನ್ ಶೆಡ್ಡಿನಲ್ಲಿ ಬುತ್ತಿ ಬಿಚ್ಚಿದಾಗ ಮೇಸ್ತ್ರಿ ಹಳೆಯ ಕೂಪಿನ, ಅಂದರೆ ಕಡಿಯಲು ಗುತ್ತಿಗೆ ಕೊಟ್ಟ ಕಾಡಿನ ಭಾಗದ, ದಿನಗಳನ್ನು ತೆಗೆದ. ಆಗ ಕಂತ್ರಾಟುದಾರರೇ ಕಾಡಿಗೆ ಹೋಗಿ ಕಡಿಯುತ್ತಿದ್ದರಂತೆ. ಮುದ್ರೆ ಬಿದ್ದ ಮರ ಒಂದು, ಉರುಳುವಾಗ ಜೊತೆಗೆ ಹೋಗುವ ಮರ ನಾಲ್ಕು. ಶಿರಸಿ ಸೀಮೆಯ ಸಲ್ಕಣಿಯವರು 1983ರ ಸೆಪ್ಟೆಂಬರ್ 8ರಂದು ಕಳಸೆ ಕಾಡಿಗೆ ಹೋಗಿ ಮರ ತಬ್ಬಿ ನಿಂತದ್ದು ಇದರ ವಿರುದ್ಧವೇ. ಅಪ್ಪಿಕೋ ಎಂದು ಈಗ ಪಾಠಪುಸ್ತಕದಲ್ಲಿದೆ. "ನಾವು ಕೊಡಲಿ ಹಿಡ್ಕಂಡು ಹೋದವ್ರು, ಹೆಂಗಸ್ರನ್ನ ನೋಡಿ ವಾಪಸ್ ಬಂದ್ವಿ" ಎಂದು ಆತ ನಕ್ಕ. ಆತ ಅಲ್ಲಿದ್ದನೋ, ಕೇಳಿದ ಕಥೆಯೋ, ವಿಚಾರಿಸಲು ಹೋಗಲಿಲ್ಲ. ಆಮೇಲೆ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಂಜೂರಾದ ಕಾರ್ಯಯೋಜನೆ ಇಲ್ಲದೆ ದೇಶದ ಯಾವ ಕಾಡಿನಲ್ಲೂ ಮರ ಕಡಿಯಕೂಡದು ಎಂದಿತು. ಈಗ ನಮ್ಮ ಕಡೆ ಡಿಪೋಗೆ ಬರುವುದು ಹೆಚ್ಚಾಗಿ ಗಾಳಿಗೆ ಬಿದ್ದದ್ದು, ಒಣಗಿದ್ದು, ನೆಡುತೋಪಿನ ಸಾಗವಾನಿ. ಮಾಲು ಕಡಿಮೆ, ಮಿಲ್ಲು ಹೆಚ್ಚು, ಹಾಗಾಗಿ ಹರಾಜಿನಲ್ಲಿ ಹಟಕ್ಕೆ ಬಿದ್ದು ಕೂಗುತ್ತಾರೆ.

ಈ ಸಂಸ್ಥೆಯೂ ಹಟಕ್ಕೇ ಕೂಗಿತ್ತು ಎಂದು ಫಾರೆಸ್ಟರ್ ಕಿವಿಯಲ್ಲಿ ಹೇಳಿದರು. ಪಕ್ಕದೂರಿನ ಮಿಲ್ಲಿಗೆ ಬಿಟ್ಟುಕೊಡಬಾರದೆಂದು ದರ ಏರಿಸಿ, ಪೇಟೆ ಇಳಿದ ಮೇಲೆ ಮರದಲ್ಲಿ ಹುಳುಕು ಹುಡುಕಿದರು ಎಂಬುದು ಅವರ ವಾದ. ಇರಬಹುದು. ಮರದ ವ್ಯಾಪಾರಿಗಳೆಲ್ಲ ಪಾಪದವರೆಂದು ನಾನು ಹೇಳಲಾರೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲೂ 1970ರ ದಶಕದ ಕೊನೆಗೆ ಮಿಲ್ಲುಗಳು ದರ ಏರುತ್ತಲೇ ಇರುತ್ತದೆಂದು ಸರ್ಕಾರಿ ಕಾಡಿನ ಮರಕ್ಕೆ ಮಿತಿಮೀರಿ ಕೂಗಿ, ಪೇಟೆ ಬಿದ್ದಾಗ ಸಿಕ್ಕಿಬಿದ್ದವು. ಅಲ್ಲಿ 1984ರಲ್ಲಿ ಕಾಯ್ದೆಯನ್ನೇ ಮಾಡಿ, ಇಷ್ಟು ಹಣ ಕಟ್ಟಿ ಗುತ್ತಿಗೆಯಿಂದ ಬಿಡಿಸಿಕೊಳ್ಳಿ ಎಂದರು. ನಮ್ಮಲ್ಲಿ ಅಂಥ ಬಾಗಿಲಿಲ್ಲ. ಇರುವುದು ಕೋರ್ಟಿನ ಬಾಗಿಲು. ಅದಕ್ಕೂ ಮೊದಲು ಸಾಮಾನ್ಯವಾಗಿ ಸರ್ಕಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು.

ಸೀನಿಯರ್ ಕೊಟ್ಟ ತೀರ್ಪುಗಳನ್ನು ಬಸ್ಸಿನಲ್ಲಿ ವಾಪಸು ಬರುವಾಗ ಓದಿದೆ. ಒಂದು ಕೆ.ಪಿ. ಚೌಧರಿ ವಿರುದ್ಧ ಮಧ್ಯಪ್ರದೇಶ, 1966ರದು. ಕಾಡಿನ ಗುತ್ತಿಗೆಯ ಹರಾಜು, ಮರಗಳ ವಿಷಯಕ್ಕೆ ತಕರಾರು, ಬಿಡ್ ಮಾಡಿದವನು ಕರಾರಿಗೆ ಸಹಿ ಹಾಕಲಿಲ್ಲ, ಮರುಹರಾಜು, ಕಡಿಮೆ ಬಿದ್ದ ಹಣಕ್ಕೆ ಕಂದಾಯ ಬಾಕಿಯ ನೋಟಿಸು. ಸಂವಿಧಾನದ 299ನೇ ವಿಧಿಯಂತೆ ರಾಜ್ಯಪಾಲರ ಹೆಸರಿನಲ್ಲಿ ಕರಾರು ಆಗಿಯೇ ಇಲ್ಲ, ಹಾಗಾಗಿ ಕರಾರು ಮುರಿದ ನಷ್ಟವೂ ಇಲ್ಲ ಎಂದಿತು ಸುಪ್ರೀಂ ಕೋರ್ಟು. ಇನ್ನೊಂದು ನಮ್ಮ ತೀರ್ಥಹಳ್ಳಿಯದೇ. ಕರ್ನಾಟಕ ಸರ್ಕಾರ ವಿರುದ್ಧ ಶ್ರೀ ರಾಮೇಶ್ವರ ರೈಸ್ ಮಿಲ್ಸ್, 1987. ಮರದ್ದಲ್ಲ, ಭತ್ತದ್ದು. ಆದರೆ ಮರದ ಕೇಸುಗಳಲ್ಲಿ ಇದನ್ನು ತೋರಿಸದ ವಕೀಲರಿಲ್ಲ. ಕರಾರು ಮುರಿದಿದ್ದು ಹೌದೋ ಅಲ್ಲವೋ ಎಂಬುದೇ ವಿವಾದವಾದಾಗ, ಕರಾರಿನ ಒಂದು ಪಕ್ಷವಾದ ಸರ್ಕಾರವೇ ಕೂತು 'ಮುರಿದಿದ್ದೀ, ಇಷ್ಟು ಕೊಡು' ಎಂದು ತೀರ್ಮಾನಿಸಿ ಕಂದಾಯ ಬಾಕಿಯಂತೆ ಎಳೆಯುವಂತಿಲ್ಲ, ಅದನ್ನು ಸ್ವತಂತ್ರವಾದವರು ನಿರ್ಣಯಿಸಬೇಕು ಎಂದು ಅದರ ಸಾರ. ಮೊದಲನೆಯ ತೀರ್ಪು ಸಹಿ ಇಲ್ಲದ ಕಾಗದದ ಮೇಲೆ ನಿಂತದ್ದು, ಗುತ್ತಿಗೆದಾರ ಅದೃಷ್ಟಕ್ಕೆ ಪಾರಾದ. ಎರಡನೆಯದು ನನಗೆ ಹೆಚ್ಚು ಗಟ್ಟಿ ಅನ್ನಿಸಿತು. ಸೀನಿಯರ್ ಹೇಳಿದ ಆ ಸಾಲಿನಿಂದ ಒಂದು ಕೈಯನ್ನು ಅದು ನಿಜವಾಗಿಯೂ ತೆಗೆದುಹಾಕಿದೆ. ಟೇಪು ಹಿಡಿದ ಕೈ ಮಾತ್ರ ಇನ್ನೂ ಅಲ್ಲೇ ಇದೆ. ಹರಾಜಿಗೆ ಮುಂಚೆಯೇ ಮೂರನೆಯವರೊಬ್ಬರು ಅಳೆದು, ಬಡಿದು ನೋಡಿ ದರ್ಜೆ ಬರೆದರೆ ಇಂಥ ಅರ್ಧದಷ್ಟು ದಾವೆಗಳು ಹುಟ್ಟುವುದಿಲ್ಲ ಎಂದು ಅಂದಿನಿಂದ ನನ್ನ ಅಭಿಪ್ರಾಯ.

ವರದಿ ಕೊಟ್ಟೆ. ಎರಡೂ ಕಡೆಯಿಂದ ಆಕ್ಷೇಪಣೆ ಬಂತು. ತೊಗಟೆ ಸೇರಿಸಿ ಅಳೆದಿದ್ದಾರೆ ಎಂದು ಸಂಸ್ಥೆ, ತೊಗಟೆ ಬಿಟ್ಟು ಅಳೆದಿದ್ದಾರೆ ಎಂದು ಇಲಾಖೆ. ಕಟಕಟೆಗೆ ಕರೆದು ಸರ್ಕಾರಿ ವಕೀಲರು ಬಹಳ ಹೊತ್ತು ಟೇಪಿನ ಬಗ್ಗೆ ಕೇಳಿದರು, ಎಲ್ಲಿ ಕೊಂಡದ್ದು, ಬಟ್ಟೆಯದೋ ಉಕ್ಕಿನದೋ, ಒದ್ದೆಯಾಗಿತ್ತೋ ಎಂದು. ನ್ಯಾಯಾಧೀಶರು ಅಷ್ಟನ್ನೂ ಸುಮ್ಮನೆ ಕೇಳಿ, ಕೊನೆಗೆ ಇಬ್ಬರು ವಕೀಲರ ಕಡೆಗೂ ತಿರುಗಿ ಒಂದು ಪ್ರಶ್ನೆ ಹಾಕಿದರು: "39ನೇ ಆದೇಶದ 6ನೇ ನಿಯಮದಡಿ ಅರ್ಜಿ ಯಾಕೆ ಹಾಕಲಿಲ್ಲ?"

ಬೇಗ ಕೆಡುವ ಸರಕು ದಾವೆಯಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನು ಮೊದಲು ಮಾರಿ, ಹಣವನ್ನು ಕೋರ್ಟಿನಲ್ಲಿಟ್ಟು, ಆಮೇಲೆ ಜಗಳವಾಡಿ ಎನ್ನುವ ನಿಯಮ ಅದು. ಇಬ್ಬರಿಗೂ ಗೊತ್ತಿತ್ತು. ಅರ್ಜಿ ಹಾಕಿದರೆ ಮರ ತನ್ನದೇ ಎಂದು ಒಪ್ಪಿಕೊಂಡಂತೆ ಆದೀತೆಂದು ಸಂಸ್ಥೆಗೆ ಹೆದರಿಕೆ, ಹಾಕಿದರೆ ಮರ ಕೆಡುತ್ತಿದೆ ಎಂದು ಒಪ್ಪಿಕೊಂಡಂತೆ ಎಂದು ಇಲಾಖೆಗೆ. ಅಂದು ಇಬ್ಬರೂ ಜಂಟಿ ಮೆಮೊ ಹಾಕಿದರು. ಸಾಗವಾನಿಗೆ ಒಳ್ಳೆಯ ದರವೇ ಬಂತು, ನಂದಿಗೆ ಸಾಧಾರಣ, ಮತ್ತಿಯ ಲಾಟ್‌ಗಳಲ್ಲಿ ಹೆಚ್ಚಿನವು ಸೌದೆಯ ಲೆಕ್ಕದಲ್ಲಿ ಹೋದವು. ಹಣ ಕೋರ್ಟಿನ ಠೇವಣಿಯಲ್ಲಿದೆ. ಅದರ ಬಡ್ಡಿ ಯಾರಿಗೆ ಸೇರಬೇಕೆಂದು ಈಗ ಹೊಸದೊಂದು ಮಧ್ಯಂತರ ಅರ್ಜಿ ಬಿದ್ದಿದೆ.