ಸೇವಂತಿಗೆ ತೋಟದ ಅರೋರಾ

"ಅದು ಸೇವಂತಿಗೆ ತೋಟದ ಲೈಟು ಕಣೋ." ಅಮ್ಮನ ಈ ಮಾತು ನೆನೆದು ವಾರವೆಲ್ಲ ನಗು ಬರುತ್ತಿದೆ.

ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಚಿಕ್ಕಬಳ್ಳಾಪುರಕ್ಕೆ ಬಂದವನು ಊಟ ಮುಗಿಸಿ ಮಹಡಿ ಹತ್ತಿದ. ಸೌರ ಬಿರುಗಾಳಿ ಬರ್ತಿದೆ, ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಮೂಡೋ ಬಣ್ಣದ ಬೆಳಕು, ಅದೇ ಅರೋರಾ, ನಂದಿಬೆಟ್ಟದಿಂದಲೂ ಕಾಣುತ್ತೆ ಅಂತ ಯಾರೋ ವಾಟ್ಸಾಪ್ ಮಾಡಿದ್ದರಂತೆ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗು. ಹೋಗಿ ನೋಡಿದರೆ ಊರಾಚೆ ಮೋಡದ ತಳ ಹಳದಿಯಾಗಿ ಬೆಳಗುತ್ತಿತ್ತು. ಫೋಟೊ ತೆಗೆದು, ಬಣ್ಣ ಒಂಚೂರು ಜಾಸ್ತಿ ಮಾಡಿ, ಸ್ಟೇಟಸ್ಸಿಗೂ ಹಾಕಿಯಾಗಿತ್ತು. ಅಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಒಂದು ಸಲ ನೋಡಿದಳು. ಆ ಮಾತು ಹೇಳಿ ಇಳಿದು ಹೋದಳು. ಅರೋರಾ ಅಂದರೇನು ಅಂತ ಅವಳಿಗೆ ಗೊತ್ತಿಲ್ಲ. ಯಾವ ದಿಕ್ಕಿಗೆ ಯಾರ ತೋಟ ಇದೆ ಅನ್ನೋದು ಗೊತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಉದ್ದವಾದರೆ ಸೇವಂತಿಗೆ ಬೇಗ ಮೊಗ್ಗು ಬಿಡುತ್ತೆ. ಗಿಡ ಇನ್ನೂ ಬೆಳೆಯಲಿ ಅಂತ ಸಾಲು ಸಾಲು ಬಲ್ಬು ಉರಿಸಿ, ಹಗಲು ಅಂತ ನಂಬಿಸುತ್ತಾರೆ. ಗಿಡ ಮೋಸ ಹೋಗುತ್ತೆ ಸರಿ, ಇವನೂ ಹೋಗಬೇಕಾ?

"ಮತ್ತೆ ಲಡಾಖಲ್ಲಿ ಕಂಡಿತ್ತಲ್ಲ ಮಾಮ?" ಎಂದ. ಪ್ರಶ್ನೆ ಚೆನ್ನಾಗಿತ್ತು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆ ಊರಿನ ಆಕಾಶ ನಿಜವಾಗಿಯೂ ಕೆಂಪಾಗಿತ್ತು. ಸೂರ್ಯ ಉಗುಳಿದ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಬಿಸಿ ಅನಿಲ, ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿತ್ತು. ಆ ಕ್ಷೇತ್ರದ ಎಳೆಗಳು ಕಡಿದು ಮತ್ತೆ ಕೂಡುವಾಗ ಎಲೆಕ್ಟ್ರಾನುಗಳಿಗೆ ವೇಗ ಸಿಗುತ್ತೆ. ಅವು ಧ್ರುವಗಳ ಕಡೆ ಇಳಿದು ಆಕ್ಸಿಜನ್ ಪರಮಾಣುಗಳಿಗೆ ಗುದ್ದುತ್ತವೆ. ಗುದ್ದು ತಿಂದ ಪರಮಾಣು ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತೆ. 100 ಕಿಲೋಮೀಟರ್ ಎತ್ತರದ ಆಸುಪಾಸು ಹಸಿರು, 200 ದಾಟಿದ ಮೇಲೆ ಕೆಂಪು. ಕೆಂಪು ಬೆಳಕು ಬಿಡೋಕೆ ಪರಮಾಣುವಿಗೆ ಹೆಚ್ಚುಕಡಿಮೆ ಎರಡು ನಿಮಿಷ ಪುರುಸೊತ್ತು ಬೇಕು. ಕೆಳಗೆ ಗಾಳಿ ದಟ್ಟ. ಅಷ್ಟರಲ್ಲಿ ಇನ್ನೊಂದು ಕಣ ಡಿಕ್ಕಿ ಹೊಡೆದು ಶಕ್ತಿ ಕಿತ್ತುಕೊಂಡಿರುತ್ತೆ. ಕೆಂಪು ಅಷ್ಟು ಎತ್ತರದಲ್ಲಿ ಹುಟ್ಟೋದರಿಂದಲೇ ದೂರದ ಲಡಾಖಿಗೂ ಕಂಡಿದ್ದು, ಅದೂ ಉತ್ತರದ ದಿಗಂತದ ಹತ್ತಿರ. ಅಂಥ ದೊಡ್ಡ ಬಿರುಗಾಳಿಯಲ್ಲೂ ಅಲ್ಲಿಗೇ ಅಷ್ಟಾದರೆ ನಂದಿಗೆ ಎಲ್ಲಿಂದ ಬರಬೇಕು?

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಅರೋರಾ ನೋಡೋಕೆ ಹೋಗೋ ಐಸ್‌ಲ್ಯಾಂಡಿನ ಟಿಕೆಟ್ ರೇಟು ಇವನ ಬಾಯಲ್ಲಿದೆ. ಸೂರ್ಯನ ಗಲಾಟೆಗೆ ಕಿವಿಗೊಟ್ಟು ಕೂತಿರೋ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ ಅಂತ ಮಾತ್ರ ಗೊತ್ತಿಲ್ಲ. ಗೌರಿಬಿದನೂರಿನ ಹತ್ತಿರ ಹಳೇ ಟಿವಿ ಆಂಟೆನಾಗಳಂಥವು ಸಾಲಾಗಿ ನಿಂತು ಸೂರ್ಯನ ರೇಡಿಯೊ ಅಲೆ ಹಿಡಿಯುತ್ತವೆ. ಮೋಡ ಇದ್ದರೂ ಅದಕ್ಕೆ ತೊಂದರೆ ಇಲ್ಲ. ನಡೆಸೋರು ಹಾನ್ಲೆಯ ದೂರದರ್ಶಕ ನೋಡಿಕೊಳ್ಳೋ ಬೆಂಗಳೂರಿನ ಸಂಸ್ಥೆಯವರೇ.

ಈ ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗು ಅಂತ ಈಗ ಗಂಟು ಬಿದ್ದಿದ್ದಾನೆ. ಮೊದಲು ಅವರನ್ನು ಕೇಳಬೇಕು ಕಣೋ, ಸುಮ್ನೆ ನುಗ್ಗೋಕಾಗಲ್ಲ ಅಂದೆ.