ಒಂದೇ ಸಲ ಹೇಳಬಹುದಾಗಿದ್ದ ಮಾತು

ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗಾಗಿ, ಅಂದರೆ ಅವರ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಲು, ಹಾಸನ ಜಿಲ್ಲೆಯ ಕಚೇರಿಯೊಂದಕ್ಕೆ ನಾನು ನಾಲ್ಕು ಸಲ ಅಲೆದೆ. ಮೊದಲ ಸಲ, ಮರಣ ಪ್ರಮಾಣಪತ್ರದಲ್ಲಿರುವ ಹೆಸರು ಪಹಣಿಯೊಂದಿಗೆ ತಾಳೆಯಾಗುತ್ತಿಲ್ಲ ಎಂದರು. ಅದನ್ನು ಸರಿಪಡಿಸಿಕೊಂಡು ಹೋದರೆ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕನ ಹೆಸರಿಲ್ಲ ಎಂದರು. ಮೂರನೆಯ ಸಲ ಅಕ್ಕನ ಆಧಾರ್ ಪ್ರತಿ ಕೇಳಿದರು. ಕೇಳಿದ್ದರಲ್ಲಿ ಯಾವುದೂ ಅನ್ಯಾಯವಲ್ಲ, ಯಾರೂ ಲಂಚ ಕೇಳಲಿಲ್ಲ, ಗದರಲೂ ಇಲ್ಲ. ಆದರೆ ಈ ಮೂರು ಕೊರತೆಗಳೂ ಮೊದಲ ದಿನವೇ ಆ ಕಡತದಲ್ಲಿದ್ದವು. ಮೊದಲ ತಪ್ಪು ಕಂಡೊಡನೆ ಅವರು ಕಡತ ಮುಚ್ಚಿದ್ದರು, ಅಷ್ಟೇ.

ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕೆನ್ನುವ ರಾಜ್ಯದ ‘ಸಕಾಲ’ ಕಾನೂನು 2012ರಲ್ಲಿ ಬಂದಾಗಿನಿಂದ ಅರ್ಜಿಗೆ 15 ಅಂಕಿಗಳ ಸಂಖ್ಯೆಯೂ ವಿಲೇವಾರಿಗೆ ಗಡುವೂ ಸಿಗುತ್ತವೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವೂ ಉಂಟು. ನಿಜಕ್ಕೂ ಒಳ್ಳೆಯ ಕಾನೂನು. ಆದರೆ ಅದು ದಿನಗಳನ್ನು ಎಣಿಸುತ್ತದೆಯೇ ಹೊರತು ಓಡಾಟವನ್ನು ಎಣಿಸುವುದಿಲ್ಲ. ‘ದಾಖಲೆ ಅಪೂರ್ಣ’ ಎಂದು ಗಡುವಿನೊಳಗೆ ಹಿಂಬರಹ ಕೊಟ್ಟರೆ ಲೆಕ್ಕದಲ್ಲಿ ಅರ್ಜಿ ವಿಲೇವಾರಿಯಾಯಿತು. ಕಾಫಿ ಕುಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಬಂದವರಿಗೆ ‘ನಾಳೆ ಬನ್ನಿ’ ಎಂದರೆ ಏನು ನಷ್ಟವೆಂಬುದು ಯಾವ ಪರದೆಯಲ್ಲೂ ಕಾಣುವುದಿಲ್ಲ.

ನಾಲ್ಕನೆಯ ಸಲ ಆ ಮೇಜಿನಲ್ಲಿ ಪ್ರಭಾರಕ್ಕೆಂದು ಬಂದಿದ್ದ ಬೇರೊಬ್ಬರಿದ್ದರು. ಅವರು ಕಡತವನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿ, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಇನ್ನೆರಡು ಕಾಗದಗಳ ಹೆಸರು ಬರೆದು, ‘ಇವಿಷ್ಟೇ, ಮತ್ತೇನೂ ಕೇಳುವುದಿಲ್ಲ’ ಎಂದರು. ನನ್ನ ಹಿಂದಿದ್ದ ಅಜ್ಜನಿಗೆ ಓದಲು ಬಾರದೆಂದು ತಿಳಿದಾಗ ಅವರಿಗೆ ಬರೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿ ಹೇಳಿದರು. ಹೆಚ್ಚೆಂದರೆ ಐದು ನಿಮಿಷ. ಕಚೇರಿ ಅದೇ, ಕಂಪ್ಯೂಟರ್ ಅದೇ, ಆಗಾಗ ಕೈಕೊಡುವ ಸರ್ವರ್ ಕೂಡ ಅದೇ.

ಹಿಂದಿನವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಖಾಲಿ ಹುದ್ದೆಗಳ ಹೊರೆ, ಚುನಾವಣೆ ಕೆಲಸ, ಸಮೀಕ್ಷೆ ಎಲ್ಲವೂ ಅವರ ತಲೆಯ ಮೇಲಿದ್ದವು; ಬಾಕಿ ಅರ್ಜಿಗಳ ಸಂಖ್ಯೆಯನ್ನಷ್ಟೇ ಮೇಲಧಿಕಾರಿ ಕೇಳುವಾಗ ಸಿಬ್ಬಂದಿಯೂ ಅರ್ಜಿಯನ್ನು ಸಂಖ್ಯೆಯಾಗಿಯೇ ಕಾಣಲು ಕಲಿಯುತ್ತಾರೆ. ಆದರೂ ಆ ಪೆನ್ಸಿಲಿನ ಚೀಟಿಗೆ ಯಾವ ಸುತ್ತೋಲೆಯೂ ಬೇಕಾಗಿರಲಿಲ್ಲ.

ಖಾತೆಯಾದ ಮೇಲೂ ಅದನ್ನು ಎಸೆಯಲು ಮನಸ್ಸಾಗದೆ ಪಹಣಿಯ ಜೊತೆ ಇಟ್ಟಿದ್ದೇನೆ.